ನಾದದ ತುಣುಕಿಗೂ ಒಡೆಯರುಂಟು

ಸುರತ್ಕಲ್ಲಿನ ಸಮೀಪದ ಕಾಟಿಪಳ್ಳದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಮದುವೆಯ ಸಂಜೆ ಹಳೆಯ ಚಿತ್ರಗೀತೆಯೊಂದು ಹೊಸ ತಾಳದ ಅಬ್ಬರದೊಡನೆ ಮೊಳಗಿದರೆ ಕಿರಿಯರು ಕುಣಿಯುತ್ತಾರೆ; ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಇದೇ ರೀಮಿಕ್ಸ್. ಮುದ್ರಿತ ನಾದದ ತುಣುಕೊಂದನ್ನು ಎತ್ತಿ ಬೇರೊಂದು ಕೃತಿಯಲ್ಲಿ ಹೆಣೆಯುವುದು ಸ್ಯಾಂಪ್ಲಿಂಗ್.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1948ರಲ್ಲಿಯೇ ಪ್ಯಾರಿಸ್ಸಿನ ಪಿಯೆರ್ ಶೆಫರ್ ರೈಲುಬಂಡಿಯ ಸದ್ದುಗಳನ್ನು ಮುದ್ರಿಸಿ, ಮರುಜೋಡಿಸಿ ಸಂಗೀತಕೃತಿಯಾಗಿಸಿದರು. 1979ರಲ್ಲಿ ಬಂದ ಆಸ್ಟ್ರೇಲಿಯದ ಫೇರ್‌ಲೈಟ್ ಯಂತ್ರವು ಧ್ವನಿಯನ್ನು ಅಂಕಿಗಳಾಗಿಸಿ ಕೀಲಿಮಣೆಯಲ್ಲಿ ನುಡಿಸಿತು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿ ಅಡಗಿರುತ್ತದೆ. ಅಂಕಿಯಾದ ನಾದವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಸುಲಭ.

ಆದರೆ ಸುಲಭವಾದುದೆಲ್ಲವೂ ನ್ಯಾಯವೆ? 'ಜ್ಯೋತಿ' (1981) ಚಿತ್ರಕ್ಕೆ ಬಪ್ಪಿ ಲಾಹಿರಿಯವರು ಸಂಯೋಜಿಸಿ, ಲತಾ ಮಂಗೇಶ್ಕರರು ಹಾಡಿದ ಗೀತೆಯ ತುಣುಕು 2002ರಲ್ಲಿ ಅಮೆರಿಕದ 'ಅಡಿಕ್ಟಿವ್' ಎಂಬ ಹಾಡಿನಲ್ಲಿ ಕೇಳಿಬಂದಿತು. ಲಾಹಿರಿಯವರ ಹೆಸರನ್ನು ನಮೂದಿಸದೆ ಮಾರಕೂಡದೆಂದು 2003ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯ ಆಜ್ಞಾಪಿಸಿತು.

ನಮ್ಮ ಕರಾವಳಿಗೂ ಈ ಮಾತು ಸಲ್ಲುತ್ತದೆ. ಯಕ್ಷಗಾನದ ಚೆಂಡೆಯ ನಾಲ್ಕು ಪೆಟ್ಟುಗಳನ್ನು ಮುದ್ರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಹೊಸ ಗೀತೆ ಕಟ್ಟುವುದು ಇಂದು ಕಷ್ಟವಲ್ಲ. ಆ ಪೆಟ್ಟಿನ ಹಿಂದೆ ವರ್ಷಾನುಗಟ್ಟಲೆ ಸಾಧನೆ ಮಾಡಿದ ಕೈಗಳಿವೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಕಲಾವಿದನ ಪ್ರದರ್ಶನಕ್ಕೂ ಹಕ್ಕನ್ನು ಕೊಟ್ಟಿದೆ.

ಹಳೆಯದನ್ನು ಹೊಸತಾಗಿಸುವುದು ತಪ್ಪಲ್ಲ. ಹಾಗೆ ಮಾಡದಿದ್ದರೆ ಕಲೆಯೇ ಬೆಳೆಯದು. ಕೇಳಿ ಪಡೆಯಲಿ, ಹೆಸರು ಹೇಳಲಿ, ಸಲ್ಲಬೇಕಾದುದನ್ನು ಸಲ್ಲಿಸಲಿ. ಯಂತ್ರಕ್ಕೆ ಋಣದ ಅರಿವಿಲ್ಲ. ಅದನ್ನು ನಡೆಸುವವನಿಗೆ ಇರಬೇಕು.