ಕೆರೆಯ ಆಕಾರ, ಹೂಳು ಮತ್ತು ಉಳಿದ ನೀರಿನ ಲೆಕ್ಕ

ಕೆರೆಯ ನೀರು ಅರ್ಧ ಆಳಕ್ಕೆ ಇಳಿದಾಗ ಅರ್ಧದಷ್ಟು ನೀರು ಉಳಿದಿದೆ ಎಂದು ಭಾವಿಸಿ ಬೇಸಿಗೆ ಭತ್ತಕ್ಕೆ ಸಸಿಮಡಿ ಹಾಕುವುದುಂಟು. ಕಾಳು ಕಟ್ಟುವ ಹೊತ್ತಿಗೆ ತೂಬಿನಲ್ಲಿ ನೀರು ನಿಲ್ಲುತ್ತದೆ. ತಪ್ಪಿರುವುದು ಆಕಾರದ ಲೆಕ್ಕ.

ಮೊದಲು ಕೃಷಿ ಹೊಂಡವನ್ನೇ ಗಮನಿಸಿ. ಮೇಲ್ಭಾಗ 12 × 12 ಮೀಟರ್, ಆಳ 3 ಮೀಟರ್, ಇಳಿಜಾರು 1:1 ಇದ್ದರೆ ತಳ 6 × 6 ಮೀಟರ್ ಆಗುತ್ತದೆ. ತುಂಬಿದಾಗ 2.52 ಲಕ್ಷ ಲೀಟರ್ ನೀರು ಹಿಡಿಯುವ ಈ ಹೊಂಡದಲ್ಲಿ ಒಂದೂವರೆ ಮೀಟರ್ ಆಳಕ್ಕೆ ಉಳಿಯುವುದು ಸುಮಾರು 85 ಸಾವಿರ ಲೀಟರ್, ಅಂದರೆ ಮೂರನೆಯ ಒಂದು ಭಾಗ. ಅಗಲವಾಗಿ ಹರಡಿದ ಕೆರೆಯಲ್ಲಿ ಕುಸಿತ ಇನ್ನೂ ತೀವ್ರ.

ಅಮೆರಿಕದ ಬೋರ್ಲೆಂಡ್ ಮತ್ತು ಮಿಲ್ಲರ್ 1958ರಲ್ಲಿ ಜಲಾಶಯಗಳನ್ನು ಆಕಾರದ ಪ್ರಕಾರ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಆಳ ಹೆಚ್ಚಿದಂತೆ ಸಾಮರ್ಥ್ಯ ಎಷ್ಟು ಬೇಗ ಹೆಚ್ಚುತ್ತದೆ ಎಂಬುದನ್ನು ತಿಳಿಸುವ ಘಾತಾಂಕವೇ ಇದಕ್ಕೆ ಆಧಾರ. ಸರೋವರ ಮಾದರಿಗೆ ಅದು 3.5ರಿಂದ 4.5, ಬಯಲು ಮತ್ತು ಬೆಟ್ಟದ ತಪ್ಪಲಿನ ಮಾದರಿಗೆ 2.5ರಿಂದ 3.5, ಗುಡ್ಡಗಾಡಿನ ಮಾದರಿಗೆ 1.5ರಿಂದ 2.5, ಕಡಿದಾದ ಕಣಿವೆಗೆ 1ರಿಂದ 1.5. ಘಾತಾಂಕ 4 ಆಗಿದ್ದರೆ ಅರ್ಧ ಆಳದಲ್ಲಿ ಉಳಿಯುವುದು ಹದಿನಾರನೆಯ ಒಂದು ಭಾಗ. 3 ಆಗಿದ್ದರೆ ಎಂಟನೆಯ ಒಂದು ಭಾಗ. 2 ಆಗಿದ್ದರೆ ಕಾಲು ಭಾಗ.

ಹೂಳೆಲ್ಲವೂ ತೂಬಿನ ಕೆಳಗಿನ ನಿರುಪಯುಕ್ತ ಭಾಗದಲ್ಲಿಯೇ ನಿಲ್ಲುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಕಡಿದಾದ ಕಣಿವೆಯಲ್ಲಿ ಅದು ಬಹುಪಾಲು ತಳ ಸೇರುತ್ತದೆ. ಸರೋವರ ಮಾದರಿಯಲ್ಲಿ ಹೆಚ್ಚಿನ ಭಾಗ ಮೇಲಿನ ಮಟ್ಟಗಳಲ್ಲಿ ಹರಡಿ, ಬೆಳೆಗೆ ಒದಗಬೇಕಾದ ನೀರಿನ ಜಾಗವನ್ನೇ ಕಬಳಿಸುತ್ತದೆ. ಆದರೆ ಪ್ರತಿ ಬೇಸಿಗೆಯಲ್ಲಿ ಬರಿದಾಗುವ ಕೆರೆಗಳಲ್ಲಿ ಮುಂದಿನ ಮಳೆಯ ಹರಿವು ಮೇಲಿನ ಹೂಳನ್ನು ಕೊಚ್ಚಿ ಏರಿಯತ್ತ ತರುವುದರಿಂದ ಆಕಾರವೊಂದನ್ನೇ ನೋಡಿ ತೀರ್ಮಾನಿಸಲಾಗದು. ಈ ವರ್ಗೀಕರಣ ದೊಡ್ಡ ಜಲಾಶಯಗಳ ಅಧ್ಯಯನದಿಂದ ಬಂದದ್ದು. ಊರ ಕೆರೆಗೆ ಇದನ್ನು ಸ್ಥೂಲ ಅಂದಾಜಿಗೆ ಮಾತ್ರ ಬಳಸಿ.

ವಿಸ್ತರಣಾ ಕಾರ್ಯಕರ್ತರು 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಯ ಸಾಮರ್ಥ್ಯ ಕೋಷ್ಟಕವನ್ನು ಸಣ್ಣ ನೀರಾವರಿ ಇಲಾಖೆಯಲ್ಲಿ ಕೇಳಿ ಪಡೆಯಬೇಕು. ಅದು ಯಾವ ವರ್ಷದ ಸಮೀಕ್ಷೆಯದೆಂದು ಮರೆಯದೆ ವಿಚಾರಿಸಬೇಕು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇದ್ದದ್ದು ಹೂಳಿನಿಂದಾಗಿ ಸುಮಾರು 106ಕ್ಕೆ ಇಳಿದಿದೆ. ಮರುಸಮೀಕ್ಷೆ ಕಾಣದ ಕೆರೆಯ ಹಳೆಯ ಕೋಷ್ಟಕ ಇಲ್ಲದ ನೀರನ್ನು ತೋರಿಸುತ್ತದೆ. ಹೂಳೆತ್ತಿದ ನಂತರವೂ ಕೋಷ್ಟಕವನ್ನು ಹೊಸದಾಗಿ ಸಿದ್ಧಪಡಿಸಬೇಕು.