ಹತ್ತು ಮಿಲಿವೋಲ್ಟಿನ ಅಂತರ

ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗೆ ಮಳೆಯೇ ದಿಕ್ಕು, ಕುಡಿಯುವುದಕ್ಕೂ ಬೆಳೆಗೂ ಕೊಳವೆಬಾವಿಯೇ ಗತಿ. ಈ ಬಯಲುಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಪಕ್ಕದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಈ ತೊಂದರೆಯನ್ನು ದಶಕಗಳಿಂದ ಅನುಭವಿಸುತ್ತಿವೆ. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು. ಬಾವಿಯ ನೀರು ಮಕ್ಕಳಿಗೆ ಕೊಡಬಹುದೇ ಎಂಬುದನ್ನು ತೀರ್ಮಾನಿಸುವುದು ವರದಿಯಲ್ಲಿರುವ ಆ ಒಂದು ಅಂಕಿ. ಆದರೆ ನೀರನ್ನು ಹೇಗೆ ಸಿದ್ಧಪಡಿಸಿ ಅಳೆದರೆಂದು ತಿಳಿಯದೆ ಆ ಅಂಕಿಯನ್ನು ನಂಬುವಂತಿಲ್ಲ.

ಫ್ಲೋರೈಡ್ ಅಳೆಯಲು ಬಹಳ ಪ್ರಯೋಗಾಲಯಗಳು ಬಳಸುವುದು 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಎಲೆಕ್ಟ್ರೋಡನ್ನು. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಹರಳು ಇರುತ್ತದೆ. ನೀರಿನಲ್ಲಿ ಬಿಡಿಯಾಗಿ ಓಡಾಡುವ ಫ್ಲೋರೈಡ್ ಅಯಾನುಗಳಿಗೆ ತಕ್ಕಂತೆ ಅದರ ವೋಲ್ಟೇಜು ಬದಲಾಗುತ್ತದೆ. ಫ್ಲೋರೈಡ್ ಹತ್ತು ಪಟ್ಟಾದರೆ ವ್ಯತ್ಯಾಸ ಸುಮಾರು 59 ಮಿಲಿವೋಲ್ಟ್, 1ರಿಂದ 1.5ಕ್ಕೆ ಏರಿದರೆ ಬರೀ 10. ಇಷ್ಟು ಸಣ್ಣ ಅಂತರದ ಮೇಲೆ ಊರಿನ ನೀರಿನ ತೀರ್ಪು ನಿಂತಿದೆ. ಇನ್ನೊಂದು ಮಾತೂ ಇದೆ. ಎಲೆಕ್ಟ್ರೋಡು ನೋಡುವುದು ಅಯಾನುಗಳ ಒಟ್ಟು ಲೆಕ್ಕವನ್ನಲ್ಲ, ಅವುಗಳ ಚಟುವಟಿಕೆಯನ್ನು. ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಅಕ್ಕಪಕ್ಕದ ಅಯಾನುಗಳು ಫ್ಲೋರೈಡಿನ ಚಟುವಟಿಕೆಯನ್ನು ತಗ್ಗಿಸುತ್ತವೆ. ಬಟ್ಟಿಯಿಳಿಸಿದ ನೀರಿನಲ್ಲಿ ಮಾಡಿದ ಫ್ಲೋರೈಡ್ ದ್ರಾವಣಕ್ಕೆ ಹೋಲಿಸಿ ಅಂಥ ನೀರನ್ನು ನೇರವಾಗಿ ಅಳೆದರೆ ಶೇ 10ರಷ್ಟು ಕಡಿಮೆ ಬರುವುದು ಸಹಜ. 1.6 ಇದ್ದದ್ದು 1.44 ಆಯಿತೆಂದರೆ ಮಿತಿ ಮೀರಿದ ನೀರು ಮಿತಿಯೊಳಗಿದ್ದಂತೆ ಕಾಣುತ್ತದೆ.

ಇದಕ್ಕಿಂತ ಗಂಭೀರವಾದದ್ದು ಅಲ್ಯೂಮಿನಿಯಮ್ಮಿನ ಅಡ್ಡಿ. ಫ್ಲೋರೈಡನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವ ಲೋಹ ಅದು. ಹಿಡಿದಿಟ್ಟ ಫ್ಲೋರೈಡು ಎಲೆಕ್ಟ್ರೋಡಿಗೆ ಕಾಣುವುದಿಲ್ಲ. ಸಾಮಾನ್ಯ ಬೋರ್‌ವೆಲ್ ನೀರಿನಲ್ಲಿ ಅಲ್ಯೂಮಿನಿಯಮ್ ಅಷ್ಟಾಗಿ ಇರುವುದಿಲ್ಲ, ನಿಜ. ಆದರೆ ಫ್ಲೋರೈಡ್ ತೆಗೆಯುವ ‘ನಲ್ಗೊಂಡ ವಿಧಾನ’ದಲ್ಲಿ ನೀರಿಗೆ ಹಾಕುವುದೇ ಪಟಿಕ ಮತ್ತು ಸುಣ್ಣ. ಪಟಿಕವೆಂದರೆ ಅಲ್ಯೂಮಿನಿಯಮ್ಮಿನ ಲವಣ. ಅದರ ಸ್ವಲ್ಪ ಅಂಶ ನೀರಿನಲ್ಲಿ ಉಳಿದರೆ, ಇರುವ ಫ್ಲೋರೈಡನ್ನೇ ಮರೆಮಾಡಿ ಶುದ್ಧೀಕರಣ ಚೆನ್ನಾಗಿ ನಡೆದಿದೆಯೆಂದು ತೋರಿಸುತ್ತದೆ. ಎಲ್ಲಿ ಪರೀಕ್ಷೆ ಅತ್ಯಂತ ಅಗತ್ಯವೋ ಅಲ್ಲೇ ಅದು ಸುಳ್ಳಾಗಬಲ್ಲದು. ಹಿಡಿದಿಟ್ಟ ಫ್ಲೋರೈಡಿನಿಂದ ಮೈಗೆ ಅಪಾಯ ಕಡಿಮೆಯಲ್ಲವೇ ಎಂದು ಕೇಳಬಹುದು. ಆ ಸಮಾಧಾನ ಸಾಲದು: ಅಲ್ಯೂಮಿನಿಯಮ್ಮಿಗೂ ಮಾನಕ 0.03 ಮಿಲಿಗ್ರಾಂ ಮಿತಿ ಹಾಕಿದೆ, ಅನಿವಾರ್ಯವಾದರೆ 0.2.

ಈ ಅಡ್ಡಿಗಳಿಗೆ ಮದ್ದಿಲ್ಲವೇ? ಇದೆ. ಅಳೆಯುವ ಮೊದಲು ನೀರಿಗೆ ‘ಟಿಸ್ಯಾಬ್’ ಎಂಬ ಬಫರ್ ದ್ರಾವಣ ಬೆರೆಸುತ್ತಾರೆ. ಅದು ಎಲ್ಲ ಮಾದರಿಗಳ ಉಪ್ಪಿನಂಶವನ್ನು ಒಂದೇ ಮಟ್ಟಕ್ಕೆ ತರುತ್ತದೆ, ಪಿಎಚ್ ಅನ್ನು 5ರಿಂದ 5.5ರ ನಡುವೆ ನಿಲ್ಲಿಸುತ್ತದೆ. ಕ್ಷಾರ ಹೆಚ್ಚಾದರೆ ಹೈಡ್ರಾಕ್ಸೈಡನ್ನೇ ಹರಳು ಫ್ಲೋರೈಡೆಂದು ಭ್ರಮಿಸುತ್ತದೆ, ಆಮ್ಲ ಹೆಚ್ಚಾದರೆ ಫ್ಲೋರೈಡು ಹೈಡ್ರೋಜನ್ನಿನ ಜತೆ ಸೇರಿಕೊಳ್ಳುತ್ತದೆ. ದ್ರಾವಣದಲ್ಲಿರುವ ಇನ್ನೊಂದು ರಾಸಾಯನಿಕ ಅಲ್ಯೂಮಿನಿಯಮ್ಮನ್ನು ತನ್ನತ್ತ ಎಳೆದುಕೊಂಡು ಫ್ಲೋರೈಡನ್ನು ಬಿಡಿಸುತ್ತದೆ. ಬಫರ್ ಇದ್ದ ಮೇಲೆ ಚಿಂತೆಯೇಕೆ ಎಂಬುದು ಪ್ರಯೋಗಾಲಯದವರ ವಾದವಾಗಬಹುದು. ಅದರಲ್ಲಿ ಹುರುಳೂ ಇದೆ. ಆದರೆ ಬಫರಿನ ಶಕ್ತಿಗೂ ಮಿತಿಯುಂಟು. ಅಲ್ಯೂಮಿನಿಯಮ್ ಬಹಳವಿದ್ದರೆ ಮೊದಲು ಮಾದರಿಯನ್ನು ಬಟ್ಟಿಯಿಳಿಸಿ ಫ್ಲೋರೈಡನ್ನು ಬೇರ್ಪಡಿಸಬೇಕು. ಬಣ್ಣ ನೋಡಿ ಅಳೆಯುವ ಹಳೆಯ ಸ್ಪ್ಯಾಡ್ನ್ಸ್ ವಿಧಾನಕ್ಕೂ ಇದೇ ಅಲ್ಯೂಮಿನಿಯಮ್ ಅಡ್ಡಬರುತ್ತದೆ, ಹಾಗಾಗಿ ಎಲೆಕ್ಟ್ರೋಡನ್ನು ದೂರಿ ಪ್ರಯೋಜನವಿಲ್ಲ. ಸರಿಯಾಗಿ ಬಳಸಿದರೆ ಅದು ಒಳ್ಳೆಯ ಉಪಕರಣ.

ಜಲಜೀವನ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಳ್ಳಿಯ ಹೆಂಗಸರೂ ಕಿಟ್ ಹಿಡಿದು ನೀರು ಪರೀಕ್ಷಿಸುವಂತಾಗಿದೆ. ಆ ಕಾಳಜಿಗೆ ತಕ್ಕ ವರದಿ ಪ್ರಯೋಗಾಲಯದಿಂದಲೂ ಬರಬೇಕು. ಫ್ಲೋರೈಡಿನ ಅಂಕಿಯ ಪಕ್ಕದಲ್ಲಿ ಪಿಎಚ್, ಬೆರೆಸಿದ ಬಫರ್, ಶುದ್ಧೀಕರಿಸಿದ ನೀರಾದರೆ ಉಳಿದ ಅಲ್ಯೂಮಿನಿಯಮ್ ಎಷ್ಟು ಎಂಬುದನ್ನೂ ನಮೂದಿಸಲಿ. ನಿಮ್ಮ ಪಂಚಾಯಿತಿಗೆ ಮುಂದಿನ ನೀರಿನ ವರದಿ ಬಂದಾಗ ಈ ಮೂರನ್ನೂ ದಯವಿಟ್ಟು ಕೇಳಿ.