ಬಂಡುಕೋರನ ಬಂದೂಕು: ತಪ್ಪು ಕಲ್ಪನೆ ಮತ್ತು ಸತ್ಯ

ವಿಜಯಪುರದ ಗಾಂಧಿ ಚೌಕದಿಂದ ತಿಕೋಟಾದ ಹಾದಿ ಹಿಡಿದು ಪಡುವಣಕ್ಕೆ ಸಾಗಿದರೆ ದೊರೆಯುವ ಜತ್ತ ಸೀಮೆಯ ಸಿಂಧೂರದಲ್ಲಿ ಜನಿಸಿ, ಆಂಗ್ಲ ಸರಕಾರದ ಕಣ್ಣಿಗೆ ದರೋಡೆಗಾರನಾಗಿಯೂ ಬಡವರ ಬಾಯಲ್ಲಿ ವೀರನಾಗಿಯೂ ಉಳಿದು, 1922ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಸಿಂಧೂರ ಲಕ್ಷ್ಮಣನ ಕಥೆಯನ್ನು ಲಾವಣಿಯಲ್ಲಿಯೋ ಕಂಪನಿ ನಾಟಕದಲ್ಲಿಯೋ ಕೇಳದವರು ಈ ಪ್ರಾಂತದಲ್ಲಿ ವಿರಳ. ಇಂಥವರ ಹೆಸರನ್ನು ಹೊತ್ತ ಬಂದೂಕು, ಖಡ್ಗಗಳ ವಿಷಯದಲ್ಲಿ ಜನರು ಆದರದಿಂದಲೇ ತಪ್ಪು ತಿಳಿಯುವುದುಂಟು. ಆ ಆದರಕ್ಕೆ ಭಂಗ ಬಾರದಂತೆ ನಿಜವನ್ನು ಅರಿಯುವುದು ಉಚಿತ.

ನಂಬಿಕೆ: ಹಿರಿಯರು ಹೇಳಿದ ಮೇಲೆ ವಸ್ತು ಅಸಲಿಯೇ.

ಸತ್ಯ: ಹಿರಿಯರ ಮಾತು ಶೋಧನೆಗೆ ಆರಂಭವೇ ಹೊರತು ಪ್ರಮಾಣವಲ್ಲ. ಅಮೆರಿಕದಲ್ಲಿ 1882ರಲ್ಲಿ ಹತನಾದ ದರೋಡೆಗಾರ ಜೆಸ್ಸಿ ಜೇಮ್ಸನ ತಾಯಿಯೇ ಮಗನ ಸಮಾಧಿಯ ಹರಳುಗಳನ್ನು ಬಂದವರಿಗೆ ಮಾರಿ, ಅವು ತೀರಿದೊಡನೆ ಹಳ್ಳದಿಂದ ಬೇರೆ ತಂದು ಸುರಿಯುತ್ತಿದ್ದಳೆಂಬುದು ಪ್ರಸಿದ್ಧ. ಇದಕ್ಕೆ ಪ್ರತಿಯಾಗಿ, ಅದೇ ದೇಶದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1934ರ ಮೇ 23ರಂದು ಕ್ಲೈಡ್ ಬ್ಯಾರೋನೊಡನೆ ಹತಳಾದ ದರೋಡೆಗಾರ್ತಿ ಬಾನಿ ಪಾರ್ಕರಳ ರಿವಾಲ್ವರ್ 2012ರ ಹರಾಜಿನಲ್ಲಿ 2,64,000 ಡಾಲರಿಗೆ ಹೋದಾಗ, ತೊಡೆಗೆ ಅಂಟುಪಟ್ಟಿಯಿಂದ ಬಿಗಿದಿದ್ದ ಅದನ್ನು ತನ್ನ ತಂದೆಯೇ ತೆಗೆದನೆಂದು ಅವರನ್ನು ಬೆನ್ನಟ್ಟಿದ ಅಧಿಕಾರಿ ಫ್ರ್ಯಾಂಕ್ ಹೇಮರನ ಮಗ ಬರೆದುಕೊಟ್ಟ ಪತ್ರವೂ ಅದರ ಜೊತೆಗಿತ್ತು.

ನಂಬಿಕೆ: ಹಳೆಯ ಬಂದೂಕಿಗೆ ಪರವಾನಗಿ ಬೇಡ.

ಸತ್ಯ: 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ವಿನಾಯಿತಿ ನೀಡಿರುವುದು, ಬಳಕೆ ತಪ್ಪಿದ ಮಾದರಿಯದೋ ಪುರಾತನ ಮೌಲ್ಯದ್ದೋ ಕೆಟ್ಟುಹೋದುದೋ ಆಗಿದ್ದು, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಆಯುಧಕ್ಕೆ ಮಾತ್ರ. ನಳಿಗೆಯ ತುಕ್ಕು ಉಜ್ಜಿ, ಕುದುರೆಯನ್ನು ಸರಿಪಡಿಸಿದೊಡನೆ ಹಾರುವ ಬಂದೂಕಿಗೆ ಈ ವಿನಾಯಿತಿ ಇಲ್ಲ.

ನಂಬಿಕೆ: ಮನೆಯ ಸ್ವತ್ತನ್ನು ಯಾರಿಗಾದರೂ, ಎಲ್ಲಿಗಾದರೂ ಮಾರಬಹುದು.

ಸತ್ಯ: 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಐತಿಹಾಸಿಕ ಮಹತ್ವದ ವಸ್ತುವು ಪುರಾತನ ವಸ್ತುವೆನಿಸುತ್ತದೆ, ಅದರ ವ್ಯಾಪಾರಕ್ಕೆ ಲೈಸೆನ್ಸು ಬೇಕು, ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಲಕ್ಷ್ಮಣನ ಕಾಲದ ವಸ್ತುಗಳು ಈಗ ಆ ಅವಧಿಯನ್ನು ದಾಟಿವೆ.

ನಂಬಿಕೆ: ಹರಾಜಿನಲ್ಲಿ ಬಂದ ಬೆಲೆಯೇ ವಸ್ತುವಿನ ಯೋಗ್ಯತೆ.

ಸತ್ಯ: 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು ಇಂದು ನಮ್ಮ ಶೇರ್ಜಾ ಬುರುಜಿನ ಮೇಲೆ ಬಾಯ್ದೆರೆದು ನಿಂತಿರುವ ಮಲಿಕ್-ಎ-ಮೈದಾನ್ ತೋಪಿಗೆ 1854ರ ಹರಾಜಿನಲ್ಲಿ ಬಂದ ಬೆಲೆ ಕೇವಲ 150 ರೂಪಾಯಿ, ಆ ಮಾರಾಟ ರದ್ದಾದುದರಿಂದ ತೋಪು ಊರಿಗೆ ಉಳಿಯಿತು. ಅಂತೆಯೇ, 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಲಾವಣಿಗೆ ಬೆಲೆ ಕಟ್ಟಿದವರಿಲ್ಲ, ಆಂಗ್ಲ ಅಧಿಕಾರಿ ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದುದರಿಂದ ಅದು ಇತಿಹಾಸಕ್ಕೆ ಆಧಾರವಾಯಿತು.

ಆದುದರಿಂದ ಇಂಥ ವಸ್ತುವುಳ್ಳವರು, ಅದು ಯಾರಿಂದ, ಯಾವ ವರ್ಷ, ಯಾರ ಸಮಕ್ಷಮದಲ್ಲಿ ಬಂತೆಂಬುದನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಬರೆಯಿಸಿ, ಸಹಿ ಪಡೆದು ಇಡಲಿ. ಬಂದೂಕಾದರೆ ಮೊದಲು ಪೊಲೀಸ್ ಠಾಣೆಗೆ ತಿಳಿಸಲಿ. ಕೊಳ್ಳುವವರು ಬರಹದ ಆಧಾರವಿಲ್ಲದ ವಸ್ತುವಿಗೆ ವೀರನ ಹೆಸರಿನ ಬೆಲೆಯನ್ನು ಕೊಡದಿರಲಿ.